ಕರಿ ಪರಸಿ ಹಾಸಿದ ವರ್ಷ

ನನಗ ಆಗ ಹನ್ನೊಂದು ವರ್ಷ. ಅದು ಆಗಿ ಅರವತ್ತು ವರ್ಷದ ಮ್ಯಾಲಾತು. ಕಾದ ಕಲ್ಲಿನ ಮ್ಯಾಲ ನೀರು ಬಿದ್ರ ಒಂದು ವಾಸನಿ ಏಳತೈತಿ ನೋಡ್ರಿ, ಮಣ್ಣಿಂದಲ್ಲ, ಮಳೀದಲ್ಲ, ಸುಟ್ಟ ಸುಣ್ಣದಂಥಾದ್ದು, ಮೂಗಿನ ತುದಿಗೆ ಒಣಾ ಒಣಾ ಹತ್ತೂವಂಥಾದ್ದು. ಆ ವಾಸನಿ ಮೊನ್ನೆ ಬೈಲಹೊಂಗಲದಾಗ ನಮ್ಮ ಮನಿ ಮುಂದ ಎದ್ದಿತು. ಮಗ ಅಂಗಳಕ್ಕ ಏನರ ಹಾಸಬೇಕಂತ ಅಂಗಡ್ಯಾಗಿಂದ ನಾಕು ನಮೂನಿ ತುಂಡು ತಂದು ಕಟ್ಟಿ ಮ್ಯಾಲ ಇಟ್ಟಿದ್ದ. ಒಂದು ಕರೇದು, ಕನ್ನಡಿಯಂಗ ಹೊಳಿಯೂದು. ಒಂದು ಸಿಮೆಂಟಿನ ಕೆಂಪು ಇಟ್ಟಂಗಿ. ಒಂದು ಬೂದಿ ಬಣ್ಣದ ಒರಟು ಕಲ್ಲು. ಇನ್ನೊಂದು ಏನೋ ಟೈಲ್ಸ್, ಕಟಗಿಯಂಗ ಕಾಣತಿತ್ತು, ಕಟಗಿ ಅಲ್ಲ. "ಅವ್ವಾ, ಇದರಾಗ ಯಾವ್ದು ಚೊಲೊ ಕಾಣತೈತಿ ಹೇಳು" ಅಂದ. ಕಾಣೂದು ಆಮ್ಯಾಲ ನೋಡೂಣು ಅಂತ ನಾಕೂ ಬಿಸಲಾಗ ಇಡಸಿದೆ. ಮಧ್ಯಾಹ್ನ ಚಪ್ಪಲಿ ಬಿಟ್ಟು ಒಂದೊಂದರ ಮ್ಯಾಲ ನಿಂತೆ. ಕರೇದರ ಮ್ಯಾಲ ನಿಂದರಾಕ ಆಗಲಿಲ್ಲ. ಸೊಸಿ ಗಾಬರ್ಯಾಗಿ ತಂಬಗಿ ನೀರು ತಂದು ಸುರುವಿದಳು, ನನ್ನ ಕಾಲಿಗೆ ಅಲ್ಲ, ಕಲ್ಲಿಗೆ. ಆಗ ಎದ್ದಿತು ಆ ವಾಸನಿ. ನನಗ ದುಂಡವ್ವತ್ತಿ ನೆನಪಾದಳು.

ನನ್ನ ತವರಮನಿ ಮುನವಳ್ಳಿ ಹತ್ತರ, ಮಲಪ್ರಭಾ ಹೊಳಿ ದಂಡಿ ಒಂದು ಹಳ್ಳ್ಯಾಗ ಇತ್ತು. ಮಾಳಗಿ ಮನಿ, ಗ್ವಾಡಿನೂ ಮಣ್ಣು, ಮ್ಯಾಲಿನ ಸಪಾಟ ಮಾಳಗೀನೂ ಮಣ್ಣು. ಒಳಗ ಹೋಗಬೇಕಂದ್ರ ತಲಿ ಬಗ್ಗಿಸಬೇಕು, ಒಳಗ ಹೋದಮ್ಯಾಲ ಕಣ್ಣು ಕತ್ತಲಿಗೆ ಹೊಂದಾಕ ಸ್ವಲ್ಪ ಹೊತ್ತು ನಿಂದರಬೇಕು. ಅದಕ್ಕ ನಾವು ಮಕ್ಕಳು ಹೊತ್ತು ಕಳಿಯೂದೆಲ್ಲಾ ಅಂಗಳದಾಗ. ನೀವೂ ಅಂಥಾ ಅಂಗಳದಾಗ ಬೆಳದವರಾಗಿದ್ರ ನಾ ಹೆಚ್ಚ ಹೇಳೂದು ಬ್ಯಾಡ. ನಮ್ಮ ಸೀಮಿ ಎರಿ ಸೀಮಿ. ಆ ಕರಿ ಮಣ್ಣು ಬ್ಯಾಸಗ್ಯಾಗ ಕೈ ಹೋಗೂವಂಗ ಬಿರಿತೈತಿ, ಮಳಿಗಾಲದಾಗ ಉಬ್ಬಿ ಕಾಲಿಗೆ ಹತ್ತಿದ್ರ ಬಿಡಂಗಿಲ್ಲ. ಅದರ ಮ್ಯಾಲ ಅಂಗಳ ಸುಮ್ನ ನಿಂದರಂಗಿಲ್ಲ. ವರ್ಷಾ ದಸರಾ ಮುಗದಮ್ಯಾಲ ಬಿದ್ದ ಗ್ವಾಡಿಯ ಹಳೇ ಮಣ್ಣು ಹೇರಕೊಂಡು ಬಂದು ಹರವತಿದ್ರು, ನೀರು ಹೊಡದು ನಮ್ಮನ್ನ ಅದರ ಮ್ಯಾಲ ಕುಣ್ಯಾಕ ಬಿಡತಿದ್ರು, ಆಮ್ಯಾಲ ಹಲಗಿಲೆ ಬಡದು, ದನದ ಹೆಂಡಿ ಕಲಿಸಿ ಸಾರಿಸತಿದ್ರು. ಸಾರಿಸಿ ಒಣಗಿದ ಅಂಗಳ ಅಂಗಾಲಿಗೆ ಹೆಂಗ ಹತ್ತತಿತ್ತಂದ್ರ ಹಸಗೂಸಿನ ಬೆನ್ನ ಮುಟ್ಟಿದಂಗ. ಮಧ್ಯಾಹ್ನದ ಬಿಸಲಾಗೂ ಅದರ ಮ್ಯಾಲ ಬರಿಗಾಲಿಲೆ ಓಡ್ಯಾಡತಿದ್ವಿ. ಅದರ ಮ್ಯಾಲ ಮೆಣಸಿನಕಾಯಿ, ಸಂಡಗಿ, ಶ್ಯಾವಿಗಿ, ಹುರಳಿ ಏನ ಬೇಕಾದ್ದು ಒಣಗಸತಿದ್ರು. ಮಳಿಗಾಲದಾಗ ಮಾತ್ರ ಅದು ಹಸಿ ರಾಡಿ. ಅಪ್ಪ ಹೊರಗಿಂದ ಬಂದ್ರ ಕಾಲ ತೊಳ್ಯಾಕ ಕೊಡ ನೀರು ಬೇಕಾಗತಿತ್ತು, ಅವ್ವ ಒದರತಿದ್ಳು.

ದುಂಡವ್ವತ್ತಿ ನಮ್ಮಪ್ಪನ ಅಕ್ಕ. ನೇಸರಗಿಗೆ ಕೊಟ್ಟಿದ್ರು. ಮಕ್ಕಳಾಗೂ ಮೊದಲ ಗಂಡ ಸತ್ತ, ತಿರುಗಿ ಬಂದಳು. ಎತ್ತರದಾಕಿ, ಗಂಡಸಿನಂಥಾ ಕೈ, ದನಿನೂ ದಪ್ಪ. ನಗೂದು ಕಮ್ಮಿ, ನಗಸೂದು ಜಾಸ್ತಿ. ಹಬ್ಬ, ಸೀಮಂತ, ಬಿತ್ತೂ ಕೂರಿಗಿ ಪೂಜಿ ಅಂದ್ರ ತಾನಾ ಅಡಗಿಮನಿ ಸೇರತಿದ್ಳು, ಯಾರೂ ಹೋಗಂತ ಹೇಳೂದು ಬೇಕಾಗತಿರಲಿಲ್ಲ. ಆದ್ರ ಬೀಜ ಆಕೀದ. ನಮ್ಮ ಮನಿ ಬಿಳಿಜ್ವಾಳದ ಬೀಜ ಅಂದ್ರ ಸುತ್ತ ಹಳ್ಳ್ಯಾಗ ಹೆಸರಿತ್ತು. ತೆನಿ ಆರಸೂದು, ಕೈಲೆ ಬಡದು ಕಾಳ ಬಿಡಸೂದು, ಒಣಗಸೂದು, ಬೂದಿ ಹಚ್ಚಿ, ಬೇವಿನ ತಪ್ಪಲ ಹಾಕಿ, ಗಡಿಗಿ ಬಾಯಿಗೆ ಹೆಂಡಿ ಮೆತ್ತಿ ಇಡೂದು, ಎಲ್ಲಾ ಆಕೀದು. ಬೀಜಕ್ಕ ಬಂದ ಮಂದಿ ಅಂಗಳದಾಗ ನಿಂದರತಿದ್ರು. ಆಕಿ ಮೊರದಾಗ ಬೀಜ ಹಾಕಿ ನೆಲದ ಮ್ಯಾಲ ಇಟ್ಟು ಮುಂದಕ್ಕ ಸರಸತಿದ್ಳು. ಗಂಡ ಸತ್ತಾಕಿ ಕೈಯಿಂದ ಕೈಗೆ ತಗೋಬಾರದು, ಅದಕ್ಕ ನೆಲದಿಂದ ಎತಕೋತಿದ್ರು. ಆದ್ರ ಆಕಿ ಸರಸಿದ ಮೊರನ ಬೇಕು, ನಮ್ಮವ್ವ ಸರಸಿದ್ರ ನಡಿಯಂಗಿಲ್ಲ. "ನನ್ನ ಕೈ ಬ್ಯಾಡ, ನನ್ನ ಕೈಯಾಗಿನ ಕಾಳ ಬೇಕು. ಶಾಣ್ಯಾ ಮಂದಿ" ಅಂತ ಅವರು ಹೋದಮ್ಯಾಲ ನನಗ ಹೇಳತಿದ್ಳು. ಸಿಟ್ಟಿಲೆ ಅಲ್ಲ. ಆ ವ್ಯವಹಾರ ಆಕಿಗೆ ಒಪ್ಪಿಗಿತ್ತು.

ಆ ವರ್ಷ ಅಪ್ಪ ಸವದತ್ತ್ಯಾಗ ಯಾರದೋ ವಾಡೇದಾಗ ಪರಸಿ ಕಲ್ಲು ಹಾಸಿದ ಅಂಗಳ ನೋಡಿ ಬಂದ. ಬಂದಾಂವನ ಕಾಲ ತೋರಿಸಿದ. "ನೋಡ್ರಿ, ಮಳ್ಯಾಗ ಹೋಗಿ ಮಳ್ಯಾಗ ಬಂದೇನಿ, ಅವರ ಅಂಗಳದಾಗ ಕಾಲಿಗೆ ಒಂದ ಚೂರ ರಾಡಿ ಹತ್ತಿಲ್ಲ. ಈ ರಾಡಿ ನಮ್ಮ ಮನೀದು." ಮಳಿ ನಿಂತ ಕೂಡ್ಲೆ ರಾಮದುರ್ಗದ ಕಡಿಂದ ಚಕ್ಕಡ್ಯಾಗ ಕರಿ ಪರಸಿ ಬಂದ್ವು. ಹಲಗಿಯಂಗ ಸಪಾಟ ಕಲ್ಲು, ಹೊಡದ್ರ ಗಂಟಿಯಂಗ ನಾದ ಕೊಡತಿದ್ವು. ಹಾಸಾಕ ಗವಂಡಿ ಮೌಲಾಸಾಬನ್ನ ಕರಿಸಿದ. ಮೌಲಾಸಾಬ ಕಲ್ಲ ನೋಡಿದ, ನೆಲಾ ನೋಡಿದ, ಬೀಡಿ ಹಚ್ಚಿದ. "ಈರಪ್ಪಣ್ಣಾರ, ಕಲ್ಲ ಚೊಲೊ ಅದಾವರಿ. ನಿಮ್ಮ ನೆಲಾ ಚೊಲೊ ಇಲ್ಲ. ಎರಿ ಮ್ಯಾಲ ಹಂಗ ಹಾಸಿದ್ರ ಮುಂದಿನ ಮಳ್ಯಾಗ ಎದ್ದು ಕುಂದರತಾವ, ನಿಮಗ ಶರಣರಿ ಅಂತಾವ. ಎರಿ ತಗಸಿ ಸಣ್ಣ ಕಲ್ಲಿನ ಗರಸು ತುಂಬಸ್ರಿ."

"ತುಂಬಸೂಣು" ಅಂದ ಅಪ್ಪ.

"ಮತ್ತ ಇಳಿಜಾರ ಬಿಡಬೇಕ್ರಿ, ನೀರ ನಿಂತ್ರ ಪಾಚಿ ಹಿಡಿತೈತಿ, ಜಾರಿ ಬಿದ್ದೀರಿ."

"ಬಿಡಪಾ."

ಮಳಿ ಬಗ್ಗೆ ಎಲ್ಲಾ ಮಾತಾಡಿದ್ರು. ಬಿಸಲಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ನಮ್ಮ ಕಡಿ ಮಳಿ ಎಷ್ಟ ತಿಂಗಳು, ಬಿಸಲು ಎಷ್ಟ ತಿಂಗಳು ಅಂತ ಯಾರಿಗೆ ಗೊತ್ತಿರಲಿಲ್ಲ? ಆದ್ರೂ ಮಾತಾಡಲಿಲ್ಲ. ಯಾಕಂದ್ರ ಅಪ್ಪಗ ಬೇಕಾಗಿದ್ದು ರಾಡಿ ಹೋಗೂದು. ಅತ್ತಿಗೂ ಅದ ಬೇಕಾಗಿತ್ತು. ಈ ಕತಿ ಹೇಳಿದ್ರ ಕೇಳಿದವರು ಅತ್ತಿ ಬ್ಯಾಡ ಅಂದಿರಬೇಕು ಅಂತಾರ. ಇಲ್ಲ. ಆಕಿ ಖುಷಿಯಾದಳು. ವರ್ಷಾನಗಟ್ಲೆ ಮೊಣಕಾಲೂರಿ ಸಾರಿಸಿ ಸಾರಿಸಿ ಆಕಿ ಮೊಣಕಾಲ ಎಮ್ಮಿ ಕೊಂಬಿನಂಗ ಗಟ್ಟ್ಯಾಗಿದ್ವು. ಪರಸಿ ಹಾಸೂದು ಮುಗದ ದಿನ ಅದರ ಮ್ಯಾಲ ಕಾಲ ಚಾಚಿ ಕುಂತು, "ಇನ್ನ ಈ ಅಂಗಳಾನ ನನ್ನ ಸಾರಿಸಲಿ, ನಾ ಸಾಕಷ್ಟು ಸಾರಿಸೇನಿ" ಅಂದಳು. ಮೌಲಾಸಾಬ ನಕ್ಕ. "ಯಕ್ಕಾ, ನಿಮಗ ಇದು ಸಿಂಹಾಸನ ಆತು ನೋಡ್ರಿ." "ಹೌದೋ, ಹಾಸಿದಾಂವ ನೀ, ನನ್ನ ಪ್ರಧಾನಿ" ಅಂದಳು.

ಹೋಳಿ ಹುಣ್ಣಿವಿ ದಾಟಿದಮ್ಯಾಲ ಗೊತ್ತಾಗಾಕ ಹತ್ತಿತು. ಹೊತ್ತು ಏರಿತಂದ್ರ ಅಂಗಳದಾಗ ಕಾಲಿಡಾಕ ಆಗತಿರಲಿಲ್ಲ. ಕೋಳಿ ಗ್ವಾಡಿ ನೆಳ್ಳಾಗ ಸಾಲಾಗಿ ಹೋಗತಿದ್ವು, ನಡುವ ದಾಟತಿರಲಿಲ್ಲ. ನಾವು ಮಕ್ಕಳು ಆಟ ಓಣಿಗೆ ಒಯ್ದಿವಿ. ಅವ್ವ ಸಂಜಿಮುಂದ ಕೊಡಗಟ್ಲೆ ನೀರು ಹೊಡಿತಿದ್ಳು, ಕಲ್ಲು ಚುರ್ ಅಂತಿತ್ತು, ಆ ಒಣಾ ವಾಸನಿ ಮನಿ ತುಂಬ ತುಂಬತಿತ್ತು. ಮನಿ ಗ್ವಾಡಿನೂ ಕಾಯಾಕ ಹತ್ತಿದ್ವು. ಮೊದಲ ಬ್ಯಾಸಗ್ಯಾಗೂ ತಂಪಿರತಿದ್ದ ಪಡಸಾಲ್ಯಾಗ ಕುಂದರಾಕ ಆಗವಲ್ದಾತು. "ನಿಮ್ಮಪ್ಪ ಹಪ್ಪಳಾ ಸುಡಾಕ ಒಲಿ ಕಟ್ಟಿಸ್ಯಾನ" ಅಂತ ಅತ್ತಿ ಅಂದಳು. ಅಪ್ಪ ಕೇಳಿ ನಕ್ಕ. ನಕ್ಕನಲ್ಲಾ, ಮುಗೀತು, ಯಾರೂ ಮುಂದ ಅನ್ನಲಿಲ್ಲ. ಬಂದ ಮಂದಿ ಮುಂಜಾನೆ ಬರತಿದ್ರು, ತಂಪಿನ ಹೊತ್ತಿನಾಗ ನೋಡಿ, "ಈರಪ್ಪನ ಅಂಗಳ ಭಾರೀ ಆತು" ಅಂತ ಹೋಗತಿದ್ರು.

ಅದ ಬಿಸಲಾಗ ಅತ್ತಿ ಬೀಜದ ಜ್ವಾಳ ಪರಸಿ ಮ್ಯಾಲ ಹರವಿದಳು. ಮಣ್ಣಿನ ಅಂಗಳದಾಗ ಬೀಜ ಒಣಗಾಕ ಬಾಳ ದಿನಾ ಹಿಡಿತಿದ್ವು, ಕೈಯಾಡಸಬೇಕು, ಸಂಜಿಗೆ ಒಳಗ ತುಂಬಬೇಕು, ಮುಂಜಾನೆ ಮತ್ತ ಹರವಬೇಕು. ಪರಸಿ ಮ್ಯಾಲ ಒಂದ ದಿನದಾಗ ಆತು. ಸಂಜಿಗೆ ಒಂದು ಕಾಳ ಬಾಯಾಗ ಹಾಕಿ ಕಡದಳು, ಕಟ್ ಅಂತು. ನನ್ನ ಬಾಯಾಗೂ ಒಂದು ಹಾಕಿದಳು. ನನ್ನ ಹಲ್ಲಿಗೂ ಕಟ್ ಅಂತು. "ಪಾರಿ, ಇಷ್ಟ ಚೊಲೊ ಎಂದೂ ಒಣಗಿರಲಿಲ್ಲವಾ. ಹುಳಾ ಬಂದ್ರ ಹಲ್ಲ ಮುರಕೊಂಡು ಹೋಗತಾವ" ಅಂದಳು. ಗಡಿಗಿ ತುಂಬಿದಳು, ಬೂದಿ ಹಚ್ಚಿದಳು, ಬಾಯಿ ಮೆತ್ತಿದಳು. ಬಿತ್ತಿಗಿ ಹೊತ್ತಿಗೆ ಗಡಿಗಿ ತಗದ್ರ ಒಂದ ಹುಳಾ ಇಲ್ಲ, ಕಾಳ ಮುತ್ತಿನಂಗ ಇದ್ವು. ಬೀಜಕ್ಕ ಬಂದವರು ಅಂಗೈಯಾಗ ಹಿಡದು ನೋಡಿ ಹೊಗಳಿದ್ರು.

ಹಿಂಗಾರಿ ಉತ್ತರಿ ಮಳಿ ಚೊಲೊ ಆತು. ಎಲ್ಲಾರೂ ಬಿತ್ತಿದ್ರು. ಆಮ್ಯಾಲ ಎಲ್ಲಾರೂ ಹೊಲಕ್ಕ ಹೋಗಿ ನಿಂತು ನೋಡಿದ್ರು. ನಮ್ಮ ಹೊಲದಾಗ ಅಲ್ಲೊಂದು ಇಲ್ಲೊಂದು ಮೊಳಕಿ, ಮುದುಕನ ಬಾಯಾಗಿನ ಹಲ್ಲಿನಂಗ. ಅಪ್ಪ ಮಣ್ಣು ಕೆದರಿ ಕಾಳ ತಗದು ನೋಡಿದ. ಉಬ್ಬಿತ್ತು, ಮೆತ್ತಗಾಗಿತ್ತು, ಮೊಳಕಿ ಒಡದಿರಲಿಲ್ಲ. ನಮ್ಮಿಂದ ಬೀಜ ಒಯ್ದ ಎಲ್ಲಾರ ಹೊಲದಾಗೂ ಹಂಗ. ಮೊದಲ ಬಂದವರು ರುದ್ರಗೌಡ್ರು. ವರ್ಷಾ ನಮ್ಮ ಬೀಜಾನ ಬಿತ್ತೂ ಮಂದಿ ಅವರು. ಒಳಗ ಬರ್ರಿ ಅಂದ್ರ ಬರಲಿಲ್ಲ, ಪರಸಿ ಮ್ಯಾಲ ನಿಂತು ಮಾತಾಡಿದ್ರು.

"ಈರಪ್ಪಾ, ಹದಾ ಹೋತಲ್ಲೋ. ಇನ್ನ ಮತ್ತ ಬೀಜ ಹುಡುಕಿ ಬಿತ್ತೂದ್ರಾಗ ನೆಲಾ ಒಣಗಿ ಹೋಗತೈತಿ."

"ನಂದೂ ಹಂಗ ಆಗೇತ್ರಿ ಗೌಡ್ರ. ಏನಾತೋ ತಿಳಿವಲ್ದು."

"ತಿಳಿಯೂದೇನೈತಿ? ಇಷ್ಟ ವರ್ಷ ನಾವ ತಿಳೀಲಿಲ್ಲ. ಗಂಡ ಸತ್ತಾಕಿ ಕೈ. ಒಂದಿಲ್ಲಾ ಒಂದಿನಾ ತೋರಸತಿತ್ತು, ತೋರಿಸ್ತು."

ಅತ್ತಿ ಬಾಗಲ ಹಿಂದ ನಿಂತಿದ್ಳು. ನಾ ಆಕಿ ಬಾಜೂಕ ಇದ್ದೆ. ಅಪ್ಪ ಅಲ್ಲ ಅನ್ನಲಿಲ್ಲ. ಅವತ್ತು ಅಪ್ಪಗ ಖರೇನ ಗೊತ್ತಿರಲಿಲ್ಲ, ಅದನ್ನ ನಾ ತಪ್ಪು ಹಿಡಿಯಂಗಿಲ್ಲ.

ಗೊತ್ತಾಗಿದ್ದು ಅತ್ತಿಗೆ. ಮನ್ಯಾಗ ಜ್ವಾಳ ತೀರಬಾರದಂತ ಸುಗ್ಗ್ಯಾಗ ಒಂದು ಸೂಡು ತೆನಿ ಅಡಗಿಮನಿ ತೊಲಿಗೆ ಕಟ್ಟೂ ರೂಢಿ ಇತ್ತು. ಆ ತೆನಿ ಅದ ಹೊಲದ್ದು, ಅದ ಕೈಲೆ ಆರಸಿದ್ದು. ಅಂಗಳ ಕಂಡಿರಲಿಲ್ಲ ಅಷ್ಟ. ಅತ್ತಿ ಅದರಾಗಿನ ಕಾಳ ಒಂದು ಹಸಿ ಅರಬ್ಯಾಗ ಕಟ್ಟಿದಳು, ಗಡಿಗ್ಯಾಗಿನ ಕಾಳ ಇನ್ನೊಂದು ಹಸಿ ಅರಬ್ಯಾಗ. ಎರಡೂ ಒಲಿ ಬಾಜೂಕ ಇಟ್ಟಳು. ದಿನಾ ನೀರು ಚಿಮಕಸತಿದ್ಳು, ಬಿಚ್ಚಿ ನೋಡತಿರಲಿಲ್ಲ, ನನಗೂ ಮುಟ್ಟಾಕ ಬಿಡಲಿಲ್ಲ. ಒಂದಿನಾ ಅಪ್ಪ ಊಟಕ್ಕ ಕುಂತಾಗ ಎರಡೂ ತಂದು ಅಂವನ ತಾಟಿನ ಬಾಜೂಕ ಬಿಚ್ಚಿದಳು. ತೊಲಿ ಕಾಳ ಬಿಳಿ ಮೊಳಕಿ ಬಿಟ್ಟು ಒಂದಕ್ಕೊಂದು ಹೆಣಕೊಂಡಿದ್ವು. ಗಡಿಗಿ ಕಾಳ ನಾರಾಕ ಹತ್ತಿದ್ವು.

"ತಮ್ಮಾ, ಕೈ ಒಂದ. ಕಲ್ಲ ಬ್ಯಾರೆ" ಅಂದಳು. "ನಾ ಇವನ್ನ ಹುರದೇನಿ. ನನಗ ತಿಳೀಲಿಲ್ಲ, ನಿನಗೂ ತಿಳೀಲಿಲ್ಲ. ಆತು. ಬರೂ ವರ್ಷ ಮಾಳಗಿ ಮ್ಯಾಲ ಮಣ್ಣಾಗ ಒಣಗಸತೇನಿ. ಆದ್ರ ನೀ ಮಂದಿಗೆ ಒಂದ ಮಾತ ಹೇಳು. ನಾ ಹೇಳಿದ್ರ ಕೇಳಂಗಿಲ್ಲ. ನಮ್ಮಕ್ಕನ ಕೈ ಅಲ್ಲ, ನಮ್ಮ ಅಂಗಳದ ಕಲ್ಲು, ಅಷ್ಟ ಅನ್ನು."

ಅಪ್ಪ ಎರಡೂ ಅರಬ್ಯಾಗಿನ ಕಾಳ ಬೆರಳಿಲೆ ಒತ್ತಿ ನೋಡಿದ. "ಹೌದ ಯಕ್ಕಾ" ಅಂದ. "ಹೇಳತೇನಿ ತಗೋ" ಅಂದ.

ಅಂವ ಹೇಳೂ ತನಕ ಆಕಿ ಕಾಯಲಿಲ್ಲ. ಮೊಳಕಿ ಒಂದು ಅರಬ್ಯಾಗ, ಸತ್ತ ಕಾಳ ಒಂದು ಅರಬ್ಯಾಗ ಹಿಡಕೊಂಡು, ನನ್ನ ಕರಕೊಂಡು ಓಣ್ಯಾಗಿನ ಹೆಂಗಸರ ಕಡಿ ಹೋದಳು. ಹಿತ್ತಲ ಬಾಗಲಿಂದ ಹೋದಿವಿ. ಹೆಂಗಸರು ಮೊಳಕಿ ಮುಟ್ಟಿ ನೋಡಿದ್ರು. ಅವರೆಲ್ಲಾ ಮನ್ಯಾಗ ಕಾಳ ಕಟ್ಟಿ ಮೊಳಕಿ ಬರಸೂ ಮಂದಿ, ಅವರಿಗೆ ಬಿಡಿಸಿ ಹೇಳೂದು ಬೇಕಾಗಲಿಲ್ಲ. "ಖರೇ ಐತಿ ದುಂಡವ್ವ, ಕಲ್ಲಿನ ಕಾವು ಇದು" ಅಂದ್ರು. "ಹಂಗಾರ ಬರೂ ವರ್ಷ ಬೀಜಕ್ಕ ಬರ್ರಿ" ಅಂದಳು ಅತ್ತಿ. "ನೋಡೂಣ ತಗೋ ಯವ್ವಾ, ಗಂಡಸರನ್ನ ಕೇಳಬೇಕು" ಅಂದ್ರು. ಪ್ರತಿ ಮನ್ಯಾಗೂ ಚಾ ಕೊಟ್ರು. ತಿರುಗಿ ಬರೂಮುಂದ ಅತ್ತಿ, "ಇಷ್ಟ ಚಾ ಕುಡದ್ರ ರಾತ್ರಿ ನಿದ್ದಿ ಬರಂಗಿಲ್ಲ ಪಾರಿ" ಅಂದಳು.

ದೀಪಾವಳಿ ಮುಂದ ರುದ್ರಗೌಡ್ರು ಮತ್ತ ಬಂದ್ರು. ಬ್ಯಾರೆ ಬೀಜ ತಂದು ಬಿತ್ತಿದ್ರಂತ, ತಡಾ ಆದ್ರೂ ಹುಟ್ಟಿತ್ತಂತ, ಸಿಟ್ಟು ಇಳದಿತ್ತು. ಚಳಿ ಸುರುವಾಗಿತ್ತು. ಮುಂಜಾನೆ ಎಳಿ ಬಿಸಲಾಗ ಪರಸಿ ಮ್ಯಾಲ ಕಂಬಳಿ ಹಾಸಿ ಅಪ್ಪ ಅವರನ್ನ ಕುಂಡ್ರಿಸಿದ. ಇನ್ನೂ ಇಬ್ಬರು ಹಿರ್‍ಯಾರಿದ್ರು. ಅತ್ತಿ ಒಳಗ ಚಾ ಕಾಸತಿದ್ಳು. ಮಾತಾಡತಾ ಗೌಡ್ರು ಕೈಲೆ ಕಲ್ಲ ಸವರಿ, "ಏನ ಅನ್ನು ಈರಪ್ಪಾ, ಪರಸಿ ಮಾತ್ರ ಭಾರೀ ಹಾಸಿಸೀಯಪಾ. ಎಲ್ಲೀದು?" ಅಂದ್ರು.

ಒಲಿ ಮುಂದ ಅತ್ತಿ ಕೈ ನಿಂತಿತು. ನಾ ನೋಡಿದೆ. ಚಾ ಉಕ್ಕಿ ಒಲ್ಯಾಗ ಬಿತ್ತು, ಆಕಿ ಇಳಸಲಿಲ್ಲ. ಹೇಳಾಕ ಅದಕ್ಕಿಂತ ಚೊಲೊ ಹೊತ್ತು ಯಾವ್ದಿತ್ತು? ಕಲ್ಲಿನ ಮಾತು ಅವರ ಬಾಯಿಂದಾನ ಬಂದಿತ್ತು.

"ರಾಮದುರ್ಗದ್ದರಿ" ಅಂದ ಅಪ್ಪ. ಸ್ವಲ್ಪ ತಡದು, "ಆರಸಿ ತಂದೇನಿ" ಅಂದ. ಅಷ್ಟಕ್ಕ ನಿಲ್ಲಿಸಿದ.

ಅತ್ತಿ ಉಳದ ಚಾ ಸೋಸಿ ನನ್ನ ಕೈಯಾಗ ಕೊಟ್ಟು ಹೊರಗ ಕಳಿಸಿದಳು. ಹಬ್ಬ ಮುಗದ ಮ್ಯಾಲ ಒಂದು ಗಂಟು ಕಟ್ಟಿದಳು. ನೇಸರಗ್ಯಾಗ ಆಕಿ ಮೈದುನ ಇದ್ದ, ಗಂಡನ ಪಾಲಿನ ಒಂದು ಖೋಲಿ ಇತ್ತು, ಅಲ್ಲಿಗೆ ಹೊಂಟೇನಿ ಅಂದಳು. ಅವ್ವ ಅತ್ತಳು. ಅಪ್ಪ ಬಾಗಲಾಗ ಅಡ್ಡ ನಿಂತ.

"ಯಕ್ಕಾ, ಈ ಮನ್ಯಾಗ ನಿನಗ ಯಾರರ ಏನರ ಅಂದ್ರೇನು?"

"ಯಾರೂ ಏನೂ ಅನ್ನಲಿಲ್ಲಲ್ಲೋ ತಮ್ಮಾ. ಅದಕ್ಕ ಹೊಂಟೇನಿ."

ಅಪ್ಪ ಬಾಜೂಕ ಸರದ. ನಾ ಗಂಟು ಹೊತಗೊಂಡು ಮುನವಳ್ಳಿ ತನಕ ಹೋಗಿ ಮೋಟಾರ ಹತ್ತಿಸಿ ಬಂದೆ. ದಾರ್‍ಯಾಗ ಆಕಿ ಹೊಲಾ ನೋಡಿಕೋತ ನಡದಳು. ಎರಡನೇ ಬಿತ್ತಿಗಿ ಜ್ವಾಳ ಮೊಣಕಾಲ ಮಟ ಬಂದಿತ್ತು. "ಯಾರ ಬೀಜಾನೋ, ಚೊಲೊ ಬಂದೈತಿ" ಅಂದಳು.

ಆಕಿ ನೇಸರಗ್ಯಾಗ ಇನ್ನೂ ಬಾಳ ವರ್ಷ ಬದುಕಿದಳು. ನನ್ನ ಮದುವ್ಯಾದಮ್ಯಾಲ ಒಂದ್ಸಲ ಅಲ್ಲಿ ಸಂತ್ಯಾಗ ಸಿಕ್ಕಿದ್ಳು. "ಪರಸಿ ಎದ್ದಾವೇನ?" ಅಂತ ಕೇಳಿದಳು. "ಮೂಲ್ಯಾಗ ಎದ್ದಾವ" ಅಂದೆ. "ಮೌಲಾಸಾಬ ಗರಸು ಕಮ್ಮಿ ಹಾಕ್ಯಾನ" ಅಂತ ನಕ್ಕಳು. ಅಲ್ಲಿ ಆಕಿ ಬೀಜ ಇಟ್ಟಳೋ ಇಲ್ಲೋ ನಾ ಕೇಳಲಿಲ್ಲ. ಆಮ್ಯಾಲ ಹೊಳಿಗೆ ಒಡ್ಡು ಬಂತು, ನಮ್ಮ ಹಳಿ ಊರು ನೀರಾಗ ಹೋತು. ಮಾಳಗಿ, ತೊಲಿ, ಪಡಸಾಲಿ ಎಲ್ಲಾ ಹೋದ್ವು. ತೊಲಿ ಬಿಚಗೊಂಡು ಬಂದ್ರು, ಪರಸಿ ಕಿತ್ತು ತರಾಕ ಯಾರಿಗೂ ಮನಸಾಗಲಿಲ್ಲ. ಅವು ಈಗ ನೀರಾಗ ಅದಾವ. ಈಗರ ತಂಪಾಗಿರಬೇಕು. ಅಪ್ಪ ಹೋದ, ಅವ್ವ ಹೋದಳು, ಆ ಗೌಡ್ರೂ ಹೋದ್ರು. ಅಪ್ಪ ಕೆಟ್ಟಾಂವಲ್ಲ. ಸುಳ್ಳೂ ಹೇಳಲಿಲ್ಲ. ಕೇಳಿದ್ದಕ್ಕ ಕೇಳಿದಷ್ಟ ಉತ್ತರ ಕೊಟ್ಟ.

ಮಗಗ ನಾ ಹೇಳಿದ್ದು ಇಷ್ಟ. ಹೊಳಿಯೂ ಕರೇದು ಬ್ಯಾಡ, ಮಳ್ಯಾಗ ಜಾರತೈತಿ. ಬಿಸಲಾಗ ಮನಿನ ಕಾಸತೈತಿ. ಸಿಮೆಂಟಿನ ಇಟ್ಟಂಗಿನೂ ಬ್ಯಾಡ. ಕಟಗಿ ಅಲ್ಲದ ಕಟಗಿ ನನಗ ತಿಳಿಯಂಗಿಲ್ಲ. ಬೂದಿ ಬಣ್ಣದ ಒರಟು ಕಲ್ಲು ಹಾಕಸು, ಕೆಳಗ ಗರಸು ದಪ್ಪ ತುಂಬಸು, ಕಲ್ಲಿಗೆ ಕಲ್ಲಿಗೆ ನಡುವ ಮಣ್ಣು ಬಿಡು, ನೀರು ಇಳೀಲಿ. ಬೇವಿನಗಿಡ ಕಡಿಬ್ಯಾಡ. ಅಂವ ಹೂಂ ಅಂದಾನ. ಏನ ಮಾಡತಾನೋ ನೋಡಬೇಕು.

ಅತ್ತಿ ನೇಸರಗಿಗೆ ಹೋದ ದಿನ ಸಂಜಿಗೆ ಅವ್ವ ಆಕಿ ಖೋಲ್ಯಾಗ ಇಣಕಿ ನೋಡಿದಳು. ಬೀಜದ ಗಡಿಗಿ ಇನ್ನೂ ಅರ್ಧ ತುಂಬಿದ್ವು. ಬಿತ್ತಾಕ ಬರಂಗಿಲ್ಲ, ಚೆಲ್ಲಾಕ ಮನಸ ಬರಂಗಿಲ್ಲ. ಮರುದಿನ ಮುಂಜಾನೆ ನಾ ಎದ್ದು ಗಡಿಗಿ ಹೊರಗ ತಂದೆ, ಬೇವಿನ ತಪ್ಪಲ ಆರಸಿ ತಗದೆ, ಬೂದಿ ಹೋಗೂ ತನಕ ಕೇರಿದೆ. ಅವ್ವ ಬೀಸೂಕಲ್ಲಿನ ಗೂಟ ಒಂದ ಕಡಿ ಹಿಡದಳು, ನಾ ಒಂದ ಕಡಿ ಹಿಡದೆ. ಹಿಟ್ಟು ಬೆಳ್ಳಗ ಬಂತು. ರೊಟ್ಟಿ ಬಡದಿವಿ, ಎಲ್ಲಾರೂ ಉಂಡಿವಿ. ರೊಟ್ಟಿ ಚೊಲೊ ಆಗಿದ್ವು.